ಅಣ್ಣನನ್ನು ಬೆಂಗಳೂರಿಗೆ ಕರೆತರುವ ಮೊದಲು

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರು ಬಳ್ಳಾರಿ ಜಿಲ್ಲೆ, ಸಿರುಗುಪ್ಪ ತಾಲ್ಲೂಕು. ನಮ್ಮಣ್ಣನಿಗೆ 41 ವರ್ಷ. ಟ್ರ್ಯಾಕ್ಟರ್ ಓಡಿಸುತ್ತಾನೆ, ಸ್ವಲ್ಪ ಭತ್ತದ ಗದ್ದೆ ಇದೆ. ಹತ್ತು ವರ್ಷದಿಂದ ಕುಡಿಯುತ್ತಾನೆ. ಈಗ ಎರಡು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಬೇಕು. ನೈಂಟಿ ಹಾಕುವವರೆಗೂ ಕೈ ನಡುಗುತ್ತದೆ. ದಿನಕ್ಕೆ ಎರಡು ಕ್ವಾರ್ಟರ್ ಆಗುತ್ತದೆ ಅಂತ ಅತ್ತಿಗೆ ಹೇಳುತ್ತಾರೆ. ಹೋದ ಯುಗಾದಿಗೆ ಅವ್ವನ ತಲೆ ಮುಟ್ಟಿ ಆಣೆ ಮಾಡಿ ಬಿಟ್ಟ. ಎರಡನೇ ದಿನ ಫಿಟ್ಸ್ ಬಂತು. ಹೆದರಿ ಮತ್ತೆ ಕುಡಿಯಲು ಬಿಟ್ಟೆವು. ಈಗ ಅವ್ವ ಮದ್ಯವರ್ಜನ ಶಿಬಿರಕ್ಕೆ ಕಳಿಸೋಣ ಅಂತಾಳೆ. ಅತ್ತಿಗೆಗೆ ಯಾರೋ ಊಟದಲ್ಲಿ ಬೆರೆಸುವ ಮಾತ್ರೆ ಹೇಳಿದ್ದಾರೆ. ಒಂದು ಖಾಸಗಿ ಕೇಂದ್ರದವರು ಮೂರು ತಿಂಗಳ ದುಡ್ಡು ಕಟ್ಟಿ, ನಾವೇ ರಾತ್ರಿ ಗಾಡಿ ತಂದು ಎತ್ತಿಕೊಂಡು ಹೋಗುತ್ತೇವೆ ಅಂತಾರೆ. ನನಗೆ ನಿಮ್ಹಾನ್ಸ್‌ಗೇ ಕರೆತರಬೇಕು ಅನ್ನಿಸಿದೆ. ನಮ್ಮ ಕಡೆ ಇದಕ್ಕೆಲ್ಲ ಏನೂ ಇಲ್ಲ. ಯಾವುದು ಸರಿ?

ಉತ್ತರ: ನೀವು ನಾಲ್ಕು ದಾರಿ ಬರೆದು ಯಾವುದು ಸರಿ ಅಂತ ಕೇಳಿದ್ದೀರಿ. ಅದಕ್ಕೆ ಬರುತ್ತೇನೆ. ಮೊದಲು ಆ ಫಿಟ್ಸ್ ವಿಷಯ. ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಜೋಪಾನವಾಗಿ ಓದಬೇಕಾದ ಸಾಲು ಅದೇ.

ದಿನಕ್ಕೆ ಎರಡು ಕ್ವಾರ್ಟರ್ ಅಂದರೆ 360 ಮಿಲಿ. ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 120 ಗ್ರಾಂ ಇರುತ್ತದೆ. ವರ್ಷಗಟ್ಟಲೆ ಇಷ್ಟು ಒಳಗೆ ಹೋದರೆ ಮಿದುಳು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಆಲ್ಕೋಹಾಲ್ ನರಗಳನ್ನು ಮಂಕು ಮಾಡುತ್ತದೆ. ಮಂಕಾಗದೆ ಕೆಲಸ ನಡೆಯಲಿ ಅಂತ ಮಿದುಳು ತನ್ನ ವೇಗ ಹೆಚ್ಚಿಸಿಕೊಂಡಿರುತ್ತದೆ. ನಿಮ್ಮಣ್ಣನಿಗೇ ಅರ್ಥವಾಗುವ ಹಾಗೆ ಹೇಳಬೇಕೆಂದರೆ: ಟ್ರೇಲರ್ ತುಂಬ ಭತ್ತದ ಮೂಟೆ. ಏರು ಹತ್ತುತ್ತಿದ್ದೀರಿ, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೀರಿ. ಆಗ ಟ್ರೇಲರಿನ ಕೊಂಡಿ ಕಳಚಿದರೆ ಟ್ರ್ಯಾಕ್ಟರ್ ಏನು ಮಾಡುತ್ತದೆ? ಹಾಗೇ ಮುನ್ನುಗ್ಗುತ್ತದೆ. ಕುಡಿತ ಒಮ್ಮೆಲೇ ನಿಲ್ಲಿಸಿದಾಗ ಮಿದುಳಿಗೆ ಆಗುವುದೂ ಅದೇ. ಬೆಳಗಿನ ನಡುಕ ಅದರ ಸಣ್ಣ ರೂಪ, ಫಿಟ್ಸ್ ದೊಡ್ಡ ರೂಪ.

ಕೊನೆಯ ಗ್ಲಾಸ್ ಇಳಿದ ಆರೇಳು ಗಂಟೆಗೆ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುವ ಸಾಧ್ಯತೆ ಜಾಸ್ತಿ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿಭ್ರಮೆಯಾಗುತ್ತದೆ. ಮೈಮೇಲೆ ಹುಳ ಹರಿದ ಹಾಗೆ, ಗೋಡೆಯಲ್ಲಿ ಯಾರೋ ನಿಂತ ಹಾಗೆ ಕಾಣುತ್ತದೆ. ಸತ್ತವರ ಹೆಸರು ಹಿಡಿದು ಮಾತಾಡುತ್ತಾರೆ. ಹಳ್ಳಿಯಲ್ಲಿ ಇದನ್ನು ಗಾಳಿ ಸೋಕು ಅಂದುಕೊಂಡು ತಾಯತ ಕಟ್ಟಿಸಲು ಓಡಾಡುತ್ತಾರೆ. ಆ ಒಂದು ರಾತ್ರಿ ಕೈತಪ್ಪಿ ಜೀವ ಹೋದದ್ದನ್ನು ನಾನು ಕಂಡಿದ್ದೇನೆ. ಇದು ಆಸ್ಪತ್ರೆಯಲ್ಲೇ ಚಿಕಿತ್ಸೆ ಆಗಬೇಕಾದ ಸ್ಥಿತಿ. ಒಮ್ಮೆ ಫಿಟ್ಸ್ ಬಂದವರಿಗೆ ಮುಂದಿನ ಸಲ ಬಿಟ್ಟಾಗಲೂ ಬರುವ ಅಪಾಯ ಹೆಚ್ಚು.

ಹಾಗಾಗಿ ಮನೆಯಲ್ಲಿ ಇನ್ನೊಂದು ಆಣೆ ಬೇಡ. ಅವ್ವನಿಗೂ ಹೇಳಿ. ಆಸ್ಪತ್ರೆಯ ಏರ್ಪಾಡು ಆಗುವವರೆಗೆ ಬಾಟಲಿ ಕಸಿದುಕೊಂಡು ಕೋಣೆಗೆ ಹಾಕಿ ಚಿಲಕ ಹಾಕುವುದೂ ಬೇಡ. ಮತ್ತೆ ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ನೀರು ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಏನೂ ಆಗುವುದಿಲ್ಲ. ಫಿಟ್ಸ್ ಬಂದ ಮನುಷ್ಯ ವೈದ್ಯರು ನೋಡಿ ಸರಿ ಅನ್ನುವವರೆಗೆ ಟ್ರ್ಯಾಕ್ಟರ್ ಹತ್ತಬಾರದು. ಇದನ್ನು ಮನೆಯವರು ಯಾರೂ ಯೋಚಿಸಿರುವುದಿಲ್ಲ, ಯಾಕೆಂದರೆ ಮನೆಗೆ ದುಡ್ಡು ಬರುವುದೇ ಅದರಿಂದ.

ಈಗ "ನಮ್ಮ ಕಡೆ ಏನೂ ಇಲ್ಲ" ಅಂದಿರಲ್ಲ, ಆ ಮಾತು. ಓದಿ ಸ್ವಲ್ಪ ನಗು ಬಂತು, ಸ್ವಲ್ಪ ಬೇಜಾರೂ ಆಯಿತು. ಇವತ್ತು ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಏನು ನಡೆಯುತ್ತಿದೆಯೋ ಅದು ಹುಟ್ಟಿದ್ದೇ ನಿಮ್ಮ ಜಿಲ್ಲೆಯಲ್ಲಿ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ತಂಡ ಬಳ್ಳಾರಿಗೆ ಬಂದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. ಮಾನಸಿಕ ಕಾಯಿಲೆಯನ್ನು ಗುರುತಿಸುವುದು, ಕೆಲವೇ ಔಷಧ ಬಳಸುವುದು, ಮನೆಗೆ ಹೋಗಿ ವಿಚಾರಿಸುವುದು, ಇಷ್ಟೇ. ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ಕಾಲ. ಎಲ್ಲರೂ ದೊಡ್ಡ ಆಸ್ಪತ್ರೆಗೆ ಬರಲಿ ಅಂತ ಕೂತರೆ ಆಗುವುದಿಲ್ಲ, ಚಿಕಿತ್ಸೆಯೇ ಊರ ಹತ್ತಿರ ಹೋಗಬೇಕು ಅನ್ನುವುದು ಅದರ ಯೋಚನೆ. ಮೊದಲಿಗೆ ಗಮನ ಇದ್ದದ್ದು ತೀವ್ರ ಮನೋರೋಗ, ಮೂರ್ಛೆರೋಗದಂಥವುಗಳ ಮೇಲೆ. ಕುಡಿತದ ಚಿಕಿತ್ಸೆಗೆ ಜಾಗ ಸಿಕ್ಕಿದ್ದು ನಿಧಾನವಾಗಿ. 1996ರಲ್ಲಿ ಕೇಂದ್ರ ಸರ್ಕಾರ ಇದೇ ಬಳ್ಳಾರಿ ಮಾದರಿ ಇಟ್ಟುಕೊಂಡು ಬೇರೆ ಬೇರೆ ರಾಜ್ಯಗಳ ನಾಲ್ಕು ಜಿಲ್ಲೆಗಳಲ್ಲಿ ಕಾರ್ಯಕ್ರಮ ಶುರು ಮಾಡಿತು. ಬೆಂಗಳೂರಿನಿಂದ ಬಳ್ಳಾರಿಗೆ ಬಂದ ಯೋಜನೆ. ನೀವು ಈಗ ಬಳ್ಳಾರಿಯಿಂದ ಬೆಂಗಳೂರಿಗೆ ಹೊರಟಿದ್ದೀರಿ!

ಇವತ್ತು ಪ್ರತಿ ಜಿಲ್ಲೆಯಲ್ಲೂ ಈ ಕಾರ್ಯಕ್ರಮದ ತಂಡ ಇರಬೇಕು: ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನರ್ಸ್. ಕರ್ನಾಟಕದಲ್ಲಿ ಅದರ ಜೊತೆಗೆ ಮನೋಚೈತನ್ಯ ಅನ್ನುವ ಏರ್ಪಾಡು ಇದೆ. ಮಂಗಳವಾರಗಳಂದು ಮನೋವೈದ್ಯರು ಸರದಿಯ ಮೇಲೆ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಸೂಪರ್ ಟ್ಯೂಸ್‌ಡೇ ಕ್ಲಿನಿಕ್ ಅಂತಲೂ ಕರೆಯುತ್ತಾರೆ, ಹೆಸರು ಸಿನಿಮಾದ ಹಾಗಿದೆ, ಇರಲಿ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಸಿರುಗುಪ್ಪ ಆಸ್ಪತ್ರೆಯಲ್ಲಿ ಕೇಳಿದರೆ ಹೇಳುತ್ತಾರೆ. ಊರಿನ ಆಶಾ ಕಾರ್ಯಕರ್ತೆಗೂ ಗೊತ್ತಿರುತ್ತದೆ, ಅಥವಾ ವಿಚಾರಿಸಿ ಹೇಳುತ್ತಾರೆ. ಔಷಧಿಗೆ ದುಡ್ಡು ಕೊಡಬೇಕಿಲ್ಲ.

ಕಷ್ಟಗಳನ್ನೂ ಹೇಳಬೇಕಲ್ಲ. ನಾನು ಇಂಥ ಕ್ಲಿನಿಕ್ಕುಗಳಲ್ಲಿ ಕೂತು ನೋಡಿದವನು. ಉದ್ದ ಸಾಲು ಇರುತ್ತದೆ. ಒಬ್ಬೊಬ್ಬರಿಗೆ ಸಿಗುವುದು ಐದೋ ಆರೋ ನಿಮಿಷ. ಕೆಲವು ಸಲ ಮಾತ್ರೆ ಸ್ಟಾಕ್ ಇರುವುದಿಲ್ಲ. ಹುದ್ದೆ ಖಾಲಿ ಇದ್ದರೆ ವೈದ್ಯರೇ ಬರುವುದಿಲ್ಲ. ಆದರೂ ಅಲ್ಲಿಗೇ ಹೋಗಿ ಅಂತ ಯಾಕೆ ಹೇಳುತ್ತೇನೆ?

ಕುಡಿತ ನಿಲ್ಲಿಸುವುದು ಹತ್ತು ದಿನದ ಕೆಲಸ. ನಿಲ್ಲಿಸಿದ್ದನ್ನು ಉಳಿಸಿಕೊಳ್ಳುವುದು ಒಂದೂವರೆ, ಎರಡು ವರ್ಷದ ಕೆಲಸ. ಹತ್ತು ದಿನಕ್ಕೆ ಎಷ್ಟು ದೂರವಾದರೂ ಹೋಗಬಹುದು. ಎರಡು ವರ್ಷ, ತಿಂಗಳಿಗೊಮ್ಮೆ, ಮುನ್ನೂರು ಕಿಲೋಮೀಟರ್ ಬಸ್ಸಿನಲ್ಲಿ ಯಾರು ಬರುತ್ತಾರೆ? ನನ್ನ ಹತ್ತಿರ ಬರುತ್ತಿದ್ದ ಇಬ್ಬರು ನೆನಪಾಗುತ್ತಾರೆ. ಒಬ್ಬರು ದೂರದ ಊರಿನವರು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು ಎಷ್ಟು ಚೆನ್ನಾಗಿ ಆದರೆಂದರೆ, ಹೊರಡುವ ದಿನ ವಾರ್ಡಿನವರಿಗೆಲ್ಲ ಸಿಹಿ ಹಂಚಿದರು. ತಿಂಗಳ ಮಾತ್ರೆ ಕೊಟ್ಟು ಕಳಿಸಿದೆವು. ಮತ್ತೆ ಬರಲಿಲ್ಲ. ಒಂದು ವರ್ಷದ ಮೇಲೆ ಅವರನ್ನು ಮತ್ತದೇ ಸ್ಥಿತಿಯಲ್ಲಿ ಕರೆತಂದರು. ಇನ್ನೊಬ್ಬರು ತಾಲ್ಲೂಕು ಕ್ಲಿನಿಕ್ಕಿಗೆ ಬರುತ್ತಿದ್ದ ಮೇಸ್ತ್ರಿ. ಎರಡು ವರ್ಷದಲ್ಲಿ ಆರು ಸಲ ಜಾರಿದರು. ಪ್ರತಿ ಸಲವೂ ಮುಂದಿನ ಮಂಗಳವಾರ ತಲೆ ತಗ್ಗಿಸಿಕೊಂಡು ಬಂದು ಕೂರುತ್ತಿದ್ದರು. ಬಸ್ ಚಾರ್ಜು ಇಪ್ಪತ್ತು ರೂಪಾಯಿ ಅಷ್ಟೆ, ಅದಕ್ಕೇ ಬರುತ್ತಿದ್ದರು. ಏಳನೇ ಸಲ ನಿಂತಿತು. ಅವರಿಗೆ ನಾನು ವಿಶೇಷವಾಗಿ ಏನೂ ಮಾಡಲಿಲ್ಲ. ಹತ್ತಿರದಲ್ಲಿದ್ದೆ, ಅಷ್ಟೆ.

ಹಾಗಂತ ನಿಮ್ಮಣ್ಣನಿಗೆ ಮಂಗಳವಾರದ ಕ್ಲಿನಿಕ್ ಒಂದೇ ಸಾಲದು. ಫಿಟ್ಸ್ ಬಂದಿರುವುದರಿಂದ ಬಿಡಿಸುವ ಆ ಮೊದಲ ವಾರ ಅಡ್ಮಿಟ್ ಆಗಿಯೇ ಆಗಬೇಕು. ಅದಕ್ಕೆ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಜನ ಇನ್ನೂ ವಿಮ್ಸ್ ಅನ್ನುವುದು. ಅಲ್ಲಿಯ ಮನೋವೈದ್ಯಕೀಯ ವಿಭಾಗದಲ್ಲಿ ತೋರಿಸಿ. ಅಲ್ಲಿ ಮಾಡುವುದು ಗುಟ್ಟಿನ ವಿದ್ಯೆಯೇನಲ್ಲ. ಡಯಾಜೆಪಾಮ್, ಲೋರಾಜೆಪಾಮ್ ಥರದ ಔಷಧ ಕೊಟ್ಟು ಮಿದುಳನ್ನು ಶಾಂತ ಮಾಡಿ, ದಿನದಿನಕ್ಕೆ ಡೋಸ್ ಇಳಿಸುತ್ತಾ ಬರುತ್ತಾರೆ. ಬಿ1 ವಿಟಮಿನ್, ಅಂದರೆ ಥಯಮಿನ್, ಇಂಜೆಕ್ಷನ್ ಕೊಡುತ್ತಾರೆ. ಇದು ಮುಖ್ಯ. ಕುಡಿಯುವವರ ಮೈಯಲ್ಲಿ ಥಯಮಿನ್ ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಮಿದುಳಿಗೆ ಪೆಟ್ಟಾಗಿ ನೆನಪಿನ ಶಕ್ತಿಯೇ ಹೋಗಬಹುದು. ನಮ್ಮಲ್ಲಿ ಸುಸ್ತಾದವರಿಗೆಲ್ಲ ಊರ ಕ್ಲಿನಿಕ್ಕಿನಲ್ಲಿ ಒಂದು ಗ್ಲೂಕೋಸ್ ಹಾಕಿಸುವ ಚಾಳಿ ಇದೆಯಲ್ಲ, ಅದಕ್ಕೆ ಹೇಳಿದೆ. ಎಲ್ಲಿಗೇ ಹೋದರೂ "ಇವರು ಕುಡಿಯುತ್ತಾರೆ, ದಿನಕ್ಕೆ ಇಷ್ಟು, ಕೊನೆಯದಾಗಿ ಕುಡಿದದ್ದು ಇಂಥ ಹೊತ್ತಿಗೆ" ಅಂತ ಮೊದಲೇ ಹೇಳಿಬಿಡಿ. ಮರ್ಯಾದೆ ಅಂತ ಮುಚ್ಚಿಡಬೇಡಿ.

ಆಮೇಲೆ ಕುಡಿಯುವ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಬ್ಯಾಕ್ಲೋಫೆನ್ ಅಂತ ಔಷಧಗಳಿವೆ. ಯಾವುದು ಸರಿ ಅನ್ನುವುದು ಲಿವರ್, ಕಿಡ್ನಿ ಹೇಗಿವೆ ಅನ್ನುವುದರ ಮೇಲೆ ನಿಂತಿದೆ. ಅದು ರಕ್ತ ಪರೀಕ್ಷೆ ನೋಡಿ ವೈದ್ಯರು ತೀರ್ಮಾನಿಸುವುದು.

ಅತ್ತಿಗೆಗೆ ಯಾರೋ ಹೇಳಿದ ಮಾತ್ರೆ ಬಹುಶಃ ಡೈಸಲ್ಫಿರಾಮ್. ಅದನ್ನು ತಿಂದವರು ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಡವಡವ ಅಂದು, ವಾಂತಿಯಾಗಿ, ಬಿ.ಪಿ. ಬೀಳುತ್ತದೆ. ಕೆಲವರಿಗೆ ಪ್ರಾಣಕ್ಕೇ ಬರುತ್ತದೆ. ಗೊತ್ತಿದ್ದು, ಒಪ್ಪಿ ತೆಗೆದುಕೊಂಡರೆ ಒಳ್ಳೆಯ ಔಷಧವೇ. "ಇವತ್ತು ಮಾತ್ರೆ ತಗೊಂಡಿದ್ದೀನಿ, ಕುಡಿಯೋ ಹಾಗಿಲ್ಲ" ಅನ್ನುವ ಭಯವೇ ಅದರ ಕೆಲಸ. ಗೊತ್ತಿಲ್ಲದವನಿಗೆ ಆ ಭಯ ಎಲ್ಲಿಂದ ಬರಬೇಕು? ಅವನು ಎಂದಿನಂತೆ ಎರಡು ಕ್ವಾರ್ಟರ್ ಹಾಕುತ್ತಾನೆ. ಸಾರಿನಲ್ಲಿ ಬೆರೆಸಿ ಕೊಟ್ಟರೆ ಅದು ಔಷಧವಲ್ಲ, ವಿಷಪ್ರಾಶನ. ಒಂದು ದಿನ ಗೊತ್ತಾಗೇ ಆಗುತ್ತದೆ. ಆಮೇಲೆ ಅವನು ಆ ಮನೆಯಲ್ಲಿ ನೀರು ಕುಡಿಯಲೂ ಹೆದರುತ್ತಾನೆ. ಅತ್ತಿಗೆಯನ್ನು ಬೈಯಬೇಡಿ. ಬೇರೆ ದಾರಿ ಕಾಣದೆ ಅಲ್ಲಿಗೆ ಬಂದಿರುತ್ತಾರೆ.

ರಾತ್ರಿ ಗಾಡಿ ತಂದು ಎತ್ತಿಕೊಂಡು ಹೋಗುವವರಿಗೆ ಮಾತ್ರ ದಯವಿಟ್ಟು ದುಡ್ಡು ಕಟ್ಟಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ಅಂದರೆ ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ರೋಗಿ ಒಪ್ಪದೆ ಅಡ್ಮಿಟ್ ಮಾಡುವುದಕ್ಕೆ ಕಾಯ್ದೆಯಲ್ಲಿ ದಾರಿಯೇ ಇಲ್ಲ ಅಂತಲ್ಲ, ಇದೆ. ಆದರೆ ಅದಕ್ಕೆ ಅವರ ಪರ ನಿಲ್ಲುವ ಪ್ರತಿನಿಧಿ ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರೂ ಇನ್ನೊಬ್ಬ ವೈದ್ಯರೋ ತಜ್ಞರೋ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇದೆ ಅಂತ ಅವರಿಗೆ ಕಾಣಬೇಕು. ಅದೂ ಮೊದಲಿಗೆ 30 ದಿನದವರೆಗೆ ಮಾತ್ರ. ಸರಪಳಿ ಹಾಕುವುದಂತೂ ಯಾವ ಕಾರಣಕ್ಕೂ ಕೂಡದು. ಮೂರು ತಿಂಗಳು ಮನೆಯವರು ನೋಡುವ ಹಾಗಿಲ್ಲ, ಫೋನ್ ಇಲ್ಲ ಅಂತ ಷರತ್ತು ಹಾಕಿದರೆ ಅಲ್ಲೇ ಎದ್ದು ಬನ್ನಿ. ಒಳ್ಳೆಯ ಖಾಸಗಿ ಕೇಂದ್ರಗಳೂ ಇವೆ. ನೋಂದಣಿ ಪತ್ರ ತೋರಿಸಿ, ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಏನು ಮಾಡುತ್ತೀರಿ ಅಂತ ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಗೊತ್ತಾಗುತ್ತದೆ. ಆರೋಗ್ಯ ವಿಮೆ ಇದೆಯಲ್ಲ ಅಂತ ಲೆಕ್ಕ ಹಾಕಬೇಡಿ. ಬಹಳಷ್ಟು ಪಾಲಿಸಿಗಳಲ್ಲಿ ಕುಡಿತದ ಚಿಕಿತ್ಸೆಯನ್ನು ಹೊರಗಿಟ್ಟಿರುತ್ತಾರೆ.

ಅವ್ವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳಿಂದ ಬಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ. ನನ್ನ ವೃತ್ತಿಯ ಕೆಲವರು ಮೂಗು ಮುರಿಯುತ್ತಾರೆ. ನನಗೆ ಅದರಲ್ಲಿ ಇಷ್ಟವಾಗುವುದು ಶಿಬಿರದ ಎಂಟು ದಿನ ಅಲ್ಲ. ಊರವರೇ ನಿಂತು ನಡೆಸುತ್ತಾರೆ, ಹೆಂಡತಿಯನ್ನೂ ಕರೆಸಿ ಮಾತಾಡಿಸುತ್ತಾರೆ, ಆಮೇಲೆ ನವಜೀವನ ಸಮಿತಿ ಅಂತ ಬಿಟ್ಟವರದೇ ಗುಂಪು ಮಾಡುತ್ತಾರೆ. ಮತ್ತೆ ಅದೇ ಮಾತು ನೋಡಿ, ಹತ್ತಿರದವರು, ಬಹಳ ದಿನ. ನಿಮ್ಮಣ್ಣನ ವಿಷಯದಲ್ಲಿ ನಾನು ಹೇಳುವುದು ಇಷ್ಟೆ: ಮೊದಲು ಆಸ್ಪತ್ರೆ, ಆಮೇಲೆ ಬೇಕಾದರೆ ಶಿಬಿರ. ಶಿಬಿರದವರಿಗೆ ಫಿಟ್ಸ್ ಬಂದದ್ದನ್ನು ಮುಚ್ಚಿಡಬೇಡಿ, ಮಾತ್ರೆ ಚೀಟಿ ತೋರಿಸಿ. ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳೂ ಇದೇ ಥರದವು. ಬಿಟ್ಟವರು ಬಿಡುವವರ ಜೊತೆ ಕೂತು ಮಾತಾಡುವುದು, ಫೀಸು ಇಲ್ಲ.

ನಿಮ್ಹಾನ್ಸ್ ಬೇಡವೇ ಬೇಡ ಅಂತಲ್ಲ. ಅಲ್ಲಿ ವ್ಯಸನ ಚಿಕಿತ್ಸೆಗೇ ದೊಡ್ಡ ಕೇಂದ್ರ ಇದೆ. ಬಳ್ಳಾರಿಯಲ್ಲಿ ನೋಡಿ, ಇದು ತೊಡಕಿನ ಕೇಸು, ಮುಂದಕ್ಕೆ ಹೋಗಿ ಅಂತ ಬರೆದುಕೊಟ್ಟರೆ ಖಂಡಿತ ಬನ್ನಿ. ನಿಮ್ಮ ಊರಿಗೆ ಬೆಂಗಳೂರಿಗಿಂತ ಹತ್ತಿರ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ, ಡಿಮ್ಹಾನ್ಸ್, ಇದೆ ಅನ್ನುವುದೂ ತಲೆಯಲ್ಲಿರಲಿ.

ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ ಇನ್ನೊಂದು ಕಂಡಿತು. ಅವ್ವ ಏನಂತಾಳೆ ಅಂತ ಇದೆ. ಅತ್ತಿಗೆ ಏನಂತಾರೆ, ಕೇಂದ್ರದವರು ಏನಂತಾರೆ, ನೀವೇನಂತೀರಿ, ಎಲ್ಲ ಇದೆ. ಅಣ್ಣ ಏನಂತಾನೆ? ಒಂದು ಮಾತೂ ಇಲ್ಲ.

ಅವನನ್ನು ಕೇಳಿ. ರಾತ್ರಿ ಕುಡಿದು ಬಂದಾಗ ಬೇಡ. ಬೆಳಗಿನ ನಡುಕದ ಹೊತ್ತಿಗೂ ಬೇಡ. ಹತ್ತು, ಹನ್ನೊಂದು ಗಂಟೆಗೆ ನಡುಕ ನಿಂತು ಸ್ವಲ್ಪ ನೆಟ್ಟಗಿರುತ್ತಾರಲ್ಲ, ಆಗ. "ಕುಡಿಯೋದು ಬಿಡ್ತೀಯೋ ಇಲ್ವೋ" ಅಂತ ಶುರು ಮಾಡಿದರೆ ಅವನಿಗೆ ಉತ್ತರ ಬಾಯಿಪಾಠ ಆಗಿದೆ. "ಅಣ್ಣಾ, ಬೆಳಿಗ್ಗೆ ಕೈ ನಡುಗುತ್ತಲ್ಲ, ಅದಕ್ಕೆ ಔಷಧ ಇದೆಯಂತೆ, ಫಿಟ್ಸ್ ಬರದ ಹಾಗೆ ನೋಡ್ಕೋತಾರಂತೆ, ತೋರಿಸೋಣ್ವಾ?" ಅನ್ನಿ. ಯುಗಾದಿಯ ಫಿಟ್ಸಿಗೆ ನಿಮಗಿಂತ ಜಾಸ್ತಿ ಹೆದರಿರುವವನು ಅವನು. ಬಿಟ್ಟರೆ ಸಾಯುತ್ತೇನೆ ಅಂತ ಅವನ ಮೈಗೆ ಗೊತ್ತಾಗಿದೆ. ನೀವೆಲ್ಲ ಬಿಡು ಬಿಡು ಅಂದಾಗ ಅವನಿಗೆ ಕೇಳಿಸುವುದು ಅದೇ. ಹಿಂದೆ ಯಾವಾಗಲಾದರೂ ಬಿಟ್ಟಿದ್ದನೇ ಅಂತಲೂ ಕೇಳಿ. ಅಯ್ಯಪ್ಪ ಮಾಲೆ ಹಾಕಿದಾಗ ನಲವತ್ತೆಂಟು ದಿನ ಬಿಟ್ಟಿದ್ದೆ ಅಂತ ಬಹಳ ಜನ ಹೇಳುತ್ತಾರೆ. ಮಾಲೆ ತೆಗೆದ ಮಾರನೇ ದಿನ ಎಲ್ಲಿ, ಯಾರ ಜೊತೆ, ಯಾವ ಹೊತ್ತಿಗೆ ಶುರುವಾಯಿತು ಅಂತ ಕೇಳಿದರೆ ಚಿಕಿತ್ಸೆಗೆ ಬೇಕಾದ ಅರ್ಧ ವಿಷಯ ಅಲ್ಲೇ ಸಿಗುತ್ತದೆ. ಟ್ರ್ಯಾಕ್ಟರ್ ಕೆಲಸಕ್ಕೆ ಬಾಡಿಗೆ ಜೊತೆ ಕ್ವಾರ್ಟರ್ ಕೊಡುವ ಪದ್ಧತಿ ನಿಮ್ಮ ಕಡೆ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಕೊಯ್ಲು ಮುಗಿದು ಕೈಗೆ ದುಡ್ಡು ಬರುವ ವಾರ ತುಂಬಾ ಜಾರಿಕೆಯ ವಾರ.

ಬೇಸರ, ನಿದ್ದೆಯಿಲ್ಲದಿರುವುದು, ಸಾಲದ ಚಿಂತೆ ಕುಡಿತದ ಕೆಳಗೆ ಅಡಗಿರುತ್ತವೆ. "ಸಾಯಬೇಕು ಅನ್ಸುತ್ತಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಗದ್ದೆಗೆ ಹೊಡೆಯುವ ಔಷಧದ ಡಬ್ಬಿ ಮನೆಯಲ್ಲಿದ್ದರೆ ಇವತ್ತೇ ಬೇರೆ ಕಡೆ ಬೀಗ ಹಾಕಿ ಇಡಿಸಿ.

ಅವನು ಬರುವುದಿಲ್ಲ ಅಂದರೆ? ಅತ್ತಿಗೆ ಒಬ್ಬರೇ ಮಂಗಳವಾರ ಹೋಗಲಿ. ರೋಗಿ ಇಲ್ಲದೆ ಹೋಗಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹೋಗಬಹುದು. ಅವರಿಗೂ ನಿದ್ದೆ ಇರುವುದಿಲ್ಲ, ಅವರೂ ಸೊರಗಿರುತ್ತಾರೆ. ಮೊದಲು ಹೆಂಡತಿ ಬಂದು, ಆರು ತಿಂಗಳ ಮೇಲೆ ಗಂಡ ಬಂದ ಮನೆಗಳು ಎಷ್ಟೋ. ಹೋಗಲಾಗದ ದಿನ 14416ಕ್ಕೆ ಫೋನ್ ಮಾಡಲಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಹೊಡೆತ, ಬಡಿತ ಇದ್ದರೆ ಅದನ್ನು ಕುಡಿತದ ಲೆಕ್ಕಕ್ಕೆ ಸೇರಿಸಿ ಸುಮ್ನೆ ಇರಬಾರದು. 112 ಇದೆ, ಮಹಿಳಾ ಸಹಾಯವಾಣಿ 181 ಇದೆ. ಆ ನಂಬರುಗಳನ್ನು ಅವರ ಫೋನಿನಲ್ಲಿ ಬೇರೆ ಹೆಸರಿನಲ್ಲಿ ಹಾಕಿಕೊಡಿ.

ದೆಹಲಿಯ ಏಮ್ಸ್‌ನವರು ಮಾಡಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಒಂದು ಲೆಕ್ಕವಿದೆ. ಕುಡಿತಕ್ಕೆ ಪೂರ್ತಿ ದಾಸರಾದ 38 ಜನರಲ್ಲಿ ಏನಾದರೂ ಒಂದು ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ನೀವು ಇಷ್ಟು ವಿಚಾರಿಸಿದ್ದೀರಿ ಅಂದರೆ ನಿಮ್ಮಣ್ಣ ಆ ಒಬ್ಬನಾಗುವ ಸಾಧ್ಯತೆ ಇದೆ.

ಈಗ ನೀವು ಮಾಡಬೇಕಾದದ್ದು. ನಾಳೆ ಸಿರುಗುಪ್ಪ ಆಸ್ಪತ್ರೆಯಲ್ಲಿ ಯಾರನ್ನಾದರೂ ವಿಚಾರಿಸಿ ಮಂಗಳವಾರದ ದಿನಾಂಕ ತಿಳಿದುಕೊಳ್ಳಿ. ಹೋಗುವಾಗ ಆಧಾರ್ ಕಾರ್ಡ್, ರೇಷನ್ ಕಾರ್ಡ್, ಯುಗಾದಿಯಲ್ಲಿ ತೋರಿಸಿದ್ದರೆ ಅದರ ಚೀಟಿ ಇಟ್ಟುಕೊಳ್ಳಿ. ಅಲ್ಲಿಂದ ಬಳ್ಳಾರಿಗೆ ಬರೆಸಿಕೊಂಡು ಅಡ್ಮಿಟ್ ಮಾಡಿಸಿ. ಆ ಮಂಗಳವಾರ ದೂರ ಇದ್ದರೆ ಕಾಯಬೇಡಿ, ನೇರ ಬಳ್ಳಾರಿಗೇ ಹೋಗಿ. ಡಿಸ್ಚಾರ್ಜ್ ಆಗುವಾಗಲೇ ಮುಂದಿನ ಭೇಟಿ ಸಿರುಗುಪ್ಪದಲ್ಲಿ ಯಾವತ್ತು ಅಂತ ಬರೆಸಿಕೊಂಡು ಬನ್ನಿ. ನಿಮಗೆ ಸಿಗುವುದು ಒಂದೇ ವಾರ ರಜೆ ಅಂತಾದರೆ ಅಡ್ಮಿಟ್ ಮಾಡುವಾಗ ಖರ್ಚು ಮಾಡಬೇಡಿ. ಆಗ ನೆಂಟರು, ಊರವರು ಎಲ್ಲರೂ ಬರುತ್ತಾರೆ. ಅಣ್ಣ ಮನೆಗೆ ಬಂದ ಎರಡನೇ ವಾರಕ್ಕೆ ಹಾಕಿ. ಅಷ್ಟು ಹೊತ್ತಿಗೆ ನೋಡಲು ಬರುವವರು ಯಾರೂ ಇರುವುದಿಲ್ಲ, ಸಂಜೆ ಹೊತ್ತು ಹೋಗುವುದಿಲ್ಲ. ಆಗ ಅವನ ಜೊತೆ ಗದ್ದೆಯ ಕಡೆ ಹೋಗಿ ಬನ್ನಿ.